ಅಜ್ಜನ ಬಂದೂಕಿಗೊಂದು ಮಹಾಪ್ರಾಣ

ಸಂಭಾಜಿನಗರದ ಹತ್ತಿರ ಶೇಂದ್ರಾದ ಕಾರ್ಖಾನೆಯಲ್ಲಿ ನನ್ನ ಕೆಲಸ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು. ಹೀಗೆಂದರೆ ಜನ ನಗುತ್ತಾರೆ. ಬಣ್ಣ ಬಳಿದ, ಲೇಪ ಕೊಟ್ಟ ಬಿಡಿಭಾಗಗಳನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಜೋಡಿಸಿ, ಅವುಗಳ ಮೇಲೆ ಉಪ್ಪುನೀರಿನ ಬೆಚ್ಚನೆಯ ಮಂಜನ್ನು ದಿನಗಟ್ಟಲೆ ಬಿಟ್ಟು, ಯಾವುದು ಎಷ್ಟು ಹೊತ್ತು ತಾಳಿತು ಎಂದು ಬರೆದಿಡುತ್ತೇನೆ. ಪೆಟ್ಟಿಗೆಯ ಮುಚ್ಚಳ ಎತ್ತಿದೊಡನೆ ಉಪ್ಪು ಮತ್ತು ಒದ್ದೆ ಕಬ್ಬಿಣ ಬೆರೆತ ಒಂದು ವಾಸನೆ ಮುಖಕ್ಕೆ ರಾಚುತ್ತದೆ. ಹೊಸದಾಗಿ ಸೇರಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಮುಚ್ಚಳ ಹಿಡಿದು ಒಂದು ಗಳಿಗೆ ಹಾಗೇ ನಿಲ್ಲುತ್ತೇನೆ. ನನಗೆ ಅದು ನಾಸಿಕದಲ್ಲಿದ್ದ ನಮ್ಮ ಕ್ವಾರ್ಟರ್ಸಿನ ಬಚ್ಚಲುಮನೆಯ ವಾಸನೆ. ಅದರ ಹಿಂದೆಯೇ, ಬೇಡವೆಂದರೂ, ಹಿತ್ತಿಲಲ್ಲಿ ಭೋರೆನ್ನುವ ಪಂಪ್ ಸ್ಟೋವಿನ ಸದ್ದೂ ಬರುತ್ತದೆ. ಆಗ ಮುಚ್ಚಳ ಹಾಕಿಬಿಡುತ್ತೇನೆ.

ಅಪ್ಪ ಓಝರಿನ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಲೋಹಕ್ಕೆ ಲೇಪ ಕೊಡುವ ವಿಭಾಗದಲ್ಲಿದ್ದ. ಅವನ ಅಂಗಿಗೆ ಸದಾ ಹುಳಿ ಹುಳಿಯಾದ ಒಂದು ವಾಸನೆ; ಅವ್ವ ಆ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಿದ್ದಳು. ಅವ್ವನ ಅಪ್ಪ, ನನ್ನ ಅಜ್ಜ, ಗದಗಿನ ಕಡೆಯವನು. ಅಂಚೆ ಇಲಾಖೆಯಲ್ಲಿ ವರ್ಗವಾಗಿ ಈ ಕಡೆ ಬಂದವನು ಊರಿಗೆ ಮರಳಲಿಲ್ಲ; ನಿವೃತ್ತನಾದ ಮೇಲೆ ಘೋಟಿಯ ಹತ್ತಿರ ಎರಡು ಎಕರೆ ಗದ್ದೆ ಮಾಡಿಕೊಂಡು ಒಬ್ಬನೇ ಹಾಯಾಗಿದ್ದ. ಶನಿವಾರ ಮಧ್ಯಾಹ್ನದ ಬಸ್ಸಿಗೆ ನಮ್ಮ ಮನೆಗೆ ಬರುತ್ತಿದ್ದ. ಚೀಲದಲ್ಲಿ ಹೊಸ ಅಕ್ಕಿಯ ಘಮ, ಕಿಸೆಯಲ್ಲಿ ನನಗೆಂದು ಬೆಲ್ಲದ ಚಿಕ್ಕಿ. ಗೇಟಿನಿಂದಲೇ "ಬಂಗಾರಾ, ಎಲ್ಲಿದ್ದೀ?" ಎಂದು ಕೂಗುತ್ತಿದ್ದ. ನನಗೆ ಹೆಸರಿದೆ ಎಂಬುದನ್ನೇ ಅವನು ಮರೆತಂತಿತ್ತು.

ಅಜ್ಜನ ನಾಲಗೆಗೆ ಮಹಾಪ್ರಾಣವೇ ಹೊರಳುತ್ತಿರಲಿಲ್ಲ. ಭೂಮಿ ಅವನಿಗೆ ಬೂಮಿ, ಧರ್ಮ ದರ್ಮ. ತಾನಿದ್ದ ಊರನ್ನೇ 'ಗೋಟಿ' ಅನ್ನುತ್ತಿದ್ದ, ಕಂಡಕ್ಟರು ನಕ್ಕರೆ ತಾನೂ ನಗುತ್ತಿದ್ದ. ನನಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಮರಾಠಿ ಶಾಲೆಗೆ ಸೇರಿದ ಮೊದಲ ವರ್ಷ ಡಬ್ಬಿಯಲ್ಲಿದ್ದ ಪಲ್ಯವನ್ನು, ಮರಾಠಿಯ ಭಾಜಿಯನ್ನು, ನಾನು 'ಬಾಜಿ' ಎಂದುಬಿಟ್ಟಿದ್ದೆ. ಟೀಚರು ಇಡೀ ತರಗತಿಯ ಮುಂದೆ ನಿಲ್ಲಿಸಿ, ತುಟಿಯ ಮುಂದೆ ಅಂಗೈ ಹಿಡಿಸಿ, ಗಾಳಿ ಅಂಗೈಗೆ ತಾಕುವವರೆಗೂ 'ಭಾ' ಎಂದು ಹೇಳಿಸಿದ್ದರು. ನೀವೂ ಪರಭಾಷೆಯ ಊರಿನಲ್ಲಿ ಬೆಳೆದವರಾದರೆ ತರಗತಿಯ ನಗು ಎಷ್ಟು ದಿನ ಕಿವಿಯಲ್ಲಿ ಉಳಿಯುತ್ತದೆಂದು ನಿಮಗೆ ಗೊತ್ತು. ಅಂದಿನಿಂದ ನಾನು ಮನೆಮಂದಿಯ ಮಾತನ್ನೆಲ್ಲ ತಿದ್ದಲು ಶುರು ಮಾಡಿದೆ. ಅಜ್ಜ ಏನೇ ಅಂದರೂ ಅದಕ್ಕೆ ಉಸಿರು ತುಂಬಿ ತಿರುಗಿ ಹೇಳುತ್ತಿದ್ದೆ. ಅವ್ವ ಬೇಸರದಲ್ಲಿದ್ದಾಗ ಅವನ ದನಿಯನ್ನೇ ಅಣಕಿಸಿ ತೋರಿಸಿ ನಗಿಸುತ್ತಿದ್ದೆ. ಎರಡರಲ್ಲೂ ನಾನು ಜಾಣೆ ಎಂಬ ಜಂಬ ನನಗಿತ್ತು.

ಅಜ್ಜನ ಬಳಿ ಒಂದು ಬಂದೂಕಿತ್ತು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದದ್ದು. ತೋಟಾ ಹಾಕುವ ಈಗಿನ ಬಂದೂಕಲ್ಲ. ನಳಿಕೆಯ ಬಾಯಿಂದ ಮದ್ದು ಸುರಿದು, ಗುಂಡಿಟ್ಟು, ಗಜ ಎಂಬ ಉದ್ದನೆಯ ಸರಳಿನಿಂದ ಗಿಡಿಯಬೇಕು. ಅಲ್ಲಿಯವರು ಅದನ್ನು ಠಾಸಣಿ ಬಂದೂಕು ಅನ್ನುತ್ತಿದ್ದರು. ಹಂದಿಗಳನ್ನು ಹೆದರಿಸುವುದಕ್ಕಿಂತ ಹೆಚ್ಚಿನ ಕೆಲಸವನ್ನು ಅದೆಂದೂ ಮಾಡಿದಂತಿಲ್ಲ. ಆದರೆ ಘೋಟಿಯ ಮಳೆ ಎಂದರೆ ನಾಲ್ಕು ತಿಂಗಳು ಬಟ್ಟೆ ಒಣಗದ ಮಳೆ. ಒಂದು ಬೇಸಿಗೆ ಅಜ್ಜ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ತಂದು ಅಪ್ಪನ ಮುಂದಿಟ್ಟ. ನಳಿಕೆಯ ಮೇಲೆ ಕೆಂಪು ಹುಡಿ ಏಳುತ್ತಿತ್ತು. "ಅಳಿಯಂದ್ರ, ಹೊಸಾದು ತಗೋಬೇಕ್ರಿ. ತುಕ್ಕು ಹಿಡೀದಂಥಾದು ಯಾವ್ದು, ನೀವ ಆರಿಸಿ ಕೊಡ್ರಿ" ಎಂದ. ಅಪ್ಪನಿಗೆ ಅದಕ್ಕಿಂತ ದೊಡ್ಡ ಗೌರವ ಯಾರೂ ಕೊಟ್ಟಿರಲಿಲ್ಲವೆಂದು ಕಾಣುತ್ತದೆ.

ನಾಸಿಕದ ಬಂದೂಕಿನ ಅಂಗಡಿಗೆ ನಾವು ಮೂವರೂ ಹೋದೆವು. ಅಂಗಡಿಯವನು ಮೂರು ಬಂದೂಕುಗಳನ್ನು ಸಾಲಾಗಿ ಇಟ್ಟ. ಒಂದರ ನಳಿಕೆ ಕಪ್ಪುನೀಲಿಯಾಗಿ ಮಿಂಚುತ್ತಿತ್ತು, ಒಂದಕ್ಕೆ ಬೆಳ್ಳಿಯಂಥ ನಿಕಲ್ ಲೇಪ, ಇನ್ನೊಂದಕ್ಕೆ ಬರೀ ಬಣ್ಣ. "ಗಂಜ್ ಲಾಗಣಾರ್ ನಾಹೀ, ಕಾಕಾ," ತುಕ್ಕು ಹಿಡಿಯುವುದೇ ಇಲ್ಲ ಎಂದು ಮೂರಕ್ಕೂ ಅದೇ ಮಾತು ಕೊಟ್ಟ. ಅಪ್ಪ ಕಪ್ಪು ನಳಿಕೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಮೂಸಿ ಹೊರಬಂದ. ವಾರದೊಳಗೆ ಬಚ್ಚಲುಮನೆಯಲ್ಲಿ ನಾಲ್ಕು ಗಾಜಿನ ಲೋಟ ಬಂದವು. ಒಂದೊಂದರಲ್ಲೂ ಉಪ್ಪುನೀರು, ಅದರೊಳಗೆ ಬೆರಳುದ್ದದ ಒಂದು ಕಬ್ಬಿಣದ ಪಟ್ಟಿ. ಮೂರಕ್ಕೆ ಅಂಗಡಿಯಲ್ಲಿ ಕಂಡ ಲೇಪಗಳು. ನಾಲ್ಕನೆಯದಕ್ಕೆ ಅಪ್ಪ ತಾನೇ ಬೇಕೆಂದು ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಕೊನೆಗೆ ಅಗಸೆ ಎಣ್ಣೆ ಉಣಿಸಿದ್ದ. ಅದು ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದಿತ್ತು. ದಿನಾ ಶಾಲೆಯಿಂದ ಬಂದು ನೋಡಿ ಬರೆಯುವ ಕೆಲಸ ನನ್ನದು. ಕಪ್ಪಿನದು ಮೂರೇ ದಿನಕ್ಕೆ ಸೋತಿತು. ಬಣ್ಣದ್ದು ಗುಳ್ಳೆ ಎದ್ದಿತು. ನಿಕಲ್ ಗಟ್ಟಿಯಾಗಿಯೇ ಇತ್ತು, ಆದರೆ ನಾನು ಮೊಳೆಯಿಂದ ಗೀರಿದ ಕಡೆ ಒಳಗೊಳಗೇ ತುಕ್ಕು ಹರಿದು ಸಿಪ್ಪೆ ಸುಲಿಯಿತು. ತುಕ್ಕಿನದೇ ಲೇಪವಿದ್ದ ಪಟ್ಟಿ ಮಾತ್ರ ಇಟ್ಟ ಹಾಗೇ ಇತ್ತು. ಇಂದಿನ ನನ್ನ ಪ್ರಯೋಗಶಾಲೆಯಲ್ಲಿ ಇಂಥ ಪರೀಕ್ಷೆಗೆ ಯಾರೂ ಸಹಿ ಹಾಕುವುದಿಲ್ಲ. ಅಂದು ನಮ್ಮ ಮನೆಯಲ್ಲಿ ಅದೇ ಕೊನೆಯ ಮಾತಾಯಿತು.

ಅಂಥ ಲೇಪದ ಬಂದೂಕು ಅಂಗಡಿಯಲ್ಲಿ ಇರಲಿಲ್ಲ. ಅಲ್ಲಿನ ಮೇಸ್ತ್ರಿ ಮೊದಲೊಮ್ಮೆ ಅಜ್ಜನ ಹಳೆಯದನ್ನು ನೋಡಿ, ನಳಿಕೆಯ ಒಳಗು ಗಟ್ಟಿಯಾಗಿದೆ, ಹಾಳಾದದ್ದು ಮೇಲ್ಮೈಯಷ್ಟೇ ಎಂದಿದ್ದ. ಹಾಗಾಗಿ ಆರಿಸಿದ್ದು ಹಳೆಯದನ್ನೇ. ಅಪ್ಪ ಮನೆಯಲ್ಲೇ ಲೇಪ ಕೊಡುವುದೆಂದಾಯಿತು. ಮುಂದಿನ ಶನಿವಾರ ಅಜ್ಜ ಬಂದೂಕನ್ನು ಮತ್ತೆ ತಂದ. ಭಾನುವಾರ ಬೆಳಿಗ್ಗೆ, ಸಸಿಮಡಿಗೆ ನೀರು ಬಿಟ್ಟು ಸಂಜೆಗೆ ಬರುತ್ತೇನೆಂದು ಘೋಟಿಗೆ ಹೊರಟ. ಲೈಸೆನ್ಸ್ ಇದ್ದದ್ದು ಅವನ ಹೆಸರಿನಲ್ಲಿ. ಹಾಗೆ ಬಿಟ್ಟು ಹೋಗಬಾರದಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಸುಮಾರು ಹತ್ತೂವರೆಗೆ ಫೋನು ಬಂತು. ಎತ್ತಿದವಳು ನಾನು. ಘೋಟಿಯ ಬೂತಿನಿಂದ ಅಜ್ಜ. ಲೈನು ಗರಗರ ಎನ್ನುತ್ತಿತ್ತು, ಅರ್ಧ ಮಾತು ನುಂಗಿಹೋಗುತ್ತಿತ್ತು. "ಬಂಗಾರಾ, ನಿಮ್ಮಪ್ಪಗ ಹೇಳು... ಬಂದೂಕ... ಬಾರ ಅದ. ಮರತಿದ್ದೆ. ಹುಷಾರಿಲೆ ಎತ್ತು ಅನ್ನು, ಹುಷಾರಿ..." ಅಷ್ಟರಲ್ಲಿ ಲೈನು ಕಡಿಯಿತು. ನಾನು ಹಿತ್ತಿಲಿಗೆ ಓಡಿದೆ. ಓಡುತ್ತಲೇ, ರೂಢಿಯಂತೆ, ಅಜ್ಜನ ಮಾತಿಗೆ ಉಸಿರು ತುಂಬಿದೆ. "ಅಪ್ಪಾ, ಬಂದೂಕ ಭಾರ ಅದ ಅಂತ. ಹುಷಾರಿಲೆ ಎತ್ತಬೇಕಂತ." ಅಪ್ಪ ನಕ್ಕ. "ಎತ್ತೂದೂ ಆತು, ಇಳಸೂದೂ ಆತು. ಮಾಂವಾರಿಗೆ ನಾ ಇನ್ನೂ ಸಣ್ಣ ಹುಡುಗ."

ಕಟ್ಟಿಗೆಯಿಂದ ಬಿಡಿಸಿದ ನಳಿಕೆಯನ್ನು ಅವನು ಎರಡು ಇಟ್ಟಿಗೆಗಳ ಮೇಲೆ ಮಲಗಿಸಿದ್ದ. ಬುಡದ ತಿರುಪು ತುಕ್ಕಿನಿಂದ ಕಚ್ಚಿಕೊಂಡಿತ್ತು, ಎಣ್ಣೆಗೆ ಜಗ್ಗಿರಲಿಲ್ಲ. ಕಾಯಿಸಿದರೆ ಸಡಿಲಾದೀತೆಂದು ಪಂಪ್ ಸ್ಟೋವ್ ಹೊತ್ತಿಸಿ ಬುಡದ ಕೆಳಗೆ ಸರಿಸಿದ. ನೀಲಿ ಉರಿ ಭೋರೆನ್ನುತ್ತಿತ್ತು. ನಳಿಕೆಯ ಬಾಯಿ ಅಡಿಗೆಮನೆಯ ಬಾಗಿಲ ಕಡೆಗಿತ್ತು. ಬಾಗಿಲ ಒಳಗೆ ಅವ್ವ ಮೊರದಲ್ಲಿ ಅಜ್ಜ ತಂದ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಬುಡದ ಎಣ್ಣೆ ಹೊಗೆಯಾಡತೊಡಗಿತ್ತು.

"ಯಾರ ಫೋನು?" ಎಂದಳು ಅವ್ವ.

"ಅಜ್ಜಂದು."

"ಏನಂತ?"

ಅವ್ವನಿಗಾದರೆ ನಾನು ಅಣಕಿಸಿಯೇ ಹೇಳಬೇಕು. ಗಂಟಲು ದಪ್ಪ ಮಾಡಿ, ಅಜ್ಜನ ಹಾಗೆ ಕತ್ತು ಆಡಿಸಿ ಅಂದೆ: "ಬಂಗಾರಾ, ನಿಮ್ಮಪ್ಪಗ ಹೇಳು, ಬಂದೂಕ ಬಾರ ಅದ. ಮರತಿದ್ದೆ."

ಮೊರ ನಿಂತಿತು. "ಏನಂದಿ?"

"ಭಾರ ಅದ ಅಂತ."

"ಅದಲ್ಲ. ಅಜ್ಜ ಹೆಂಗ ಅಂದ, ಹಂಗ ಅನ್ನು."

"ಬಾರ ಅದ."

ಬಾರ ಎಂದರೆ ಬಂದೂಕಿಗೆ ತುಂಬಿಟ್ಟ ಮದ್ದುಗುಂಡು. ಮಹಾಪ್ರಾಣ ಸೇರಿಸಿದರೆ ಬರೀ ತೂಕ. ಅದು ನನಗೆ ಗೊತ್ತಿರಲಿಲ್ಲ. ಗದಗಿನಲ್ಲಿ ಹುಟ್ಟಿದ ಅವ್ವನಿಗೆ ಗೊತ್ತಿತ್ತು. ನನ್ನ ಜಡೆ ಹಿಡಿದು ಗೋಡೆಯ ಮರೆಗೆ ಎಳೆದು ಒಗೆದಳು. ಆಮೇಲೆ ತಾನು ಅದೇ ಬಾಗಿಲಲ್ಲಿ, ನಳಿಕೆಯ ಬಾಯಿಗೆ ನೇರವಾಗಿ ನಿಂತು, "ರೀ! ಬೆಂಕಿ ತಗೀರಿ! ಅದರಾಗ ಬಾರ ಅದ!" ಎಂದು ಚೀರಿದಳು. ಸ್ಟೋವಿನ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಲಿಲ್ಲ. "ಆಂ?" ಎಂದು ಕಿವಿಯ ಹಿಂದೆ ಕೈಯಿಟ್ಟ. ಅವಳು ಅವನ ಕಡೆಗೇ ಓಡಿದಳು. ಮತ್ತೊಮ್ಮೆ ಕೂಗಿದಳು. ಅಪ್ಪನ ಕೈ ಸ್ಟೋವಿನ ತಿರುಪಿಗೆ ಹೋಯಿತು. ಗಾಳಿ ಹೊರಟುಹೋದ ಸ್ಟೋವು ನಿಟ್ಟುಸಿರಿನಂತೆ ಶಬ್ದ ಮಾಡಿ ಆರಿತು.

ನಂತರ ನಾವು ಕಾದೆವು. ಮೂವರೂ ಗೋಡೆಯ ಮರೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ. ಬಿಸಿ ಕಬ್ಬಿಣ ಆರುವಾಗ ಟಿಕ್ ಟಿಕ್ ಎನ್ನುತ್ತದೆ. ಪ್ರತಿ ಸಲವೂ ಅವ್ವನ ಕೈ ನನ್ನ ಭುಜವನ್ನು ಹಿಂಡುತ್ತಿತ್ತು. ನಳಿಕೆ ಪೂರ್ತಿ ತಣ್ಣಗಾದ ಮೇಲೆ ಅಪ್ಪ ಪಕ್ಕದಿಂದ ಹೋಗಿ, ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅದರ ಬಾಯಿಗೆ ತಂಬಿಗೆ ತಂಬಿಗೆ ನೀರು ಸುರಿದ. ಆಮೇಲೆ ಗಜವನ್ನು ಒಳಗೆ ಇಳಿಬಿಟ್ಟ. ಖಾಲಿ ನಳಿಕೆಯಾದರೆ ಗಜ ಬಾಯಿಯ ಮಟ್ಟಕ್ಕೆ ಇಳಿಯಬೇಕು. ಅದು ನಾಲ್ಕು ಬೆರಳು ಹೊರಗೇ ನಿಂತಿತು. ಅಪ್ಪ ಆ ನಾಲ್ಕು ಬೆರಳಿನ ಮೇಲೆ ತನ್ನ ನಾಲ್ಕು ಬೆರಳಿಟ್ಟು ನೋಡಿದ. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಬಿಡದ ಮನುಷ್ಯ. ಮಾವನ ಮೇಲಿನ ನಂಬಿಕೆಯಿಂದ ಗಜ ಹಾಕಿ ನೋಡಿರಲಿಲ್ಲ. ಅಳಿಯ ನೋಡಿಯೇ ನೋಡುತ್ತಾನೆಂದು ಮಾವನ ನಂಬಿಕೆ.

ಅಜ್ಜ ಸಂಜೆಯವರೆಗೆ ಕಾಯಲಿಲ್ಲ. ಲೈನು ಕಡಿದದ್ದೇ ಜೀವ ಹೊಡೆದುಕೊಂಡು, ಸಿಕ್ಕ ಬಸ್ಸು ಹತ್ತಿ ಬಂದಿದ್ದ. ಗೇಟಿನಲ್ಲಿ "ಬಂಗಾರಾ" ಎಂದು ಕೂಗಲಿಲ್ಲ. ಹಿತ್ತಿಲಿಗೆ ಬಂದು, ಹೊರಗೆ ನಿಂತ ಗಜವನ್ನೂ ಅದರ ಬುಡದಲ್ಲಿದ್ದ ಸ್ಟೋವನ್ನೂ ನೋಡಿದ. ಹಂದಿಗೆಂದು ತುಂಬಿದವನು, ಮದ್ದಿಗೆ ಕಿಡಿ ಕೊಡುವ ಕೇಪು ತೆಗೆದರೆ ಸಾಕೆಂದು ಕೇಪನ್ನಷ್ಟೇ ತೆಗೆದು ತಂದಿದ್ದನಂತೆ. "ಕೂಸಿಗೆ ಹೇಳಿದ್ನೆಲ್ಲ... ಬಾರ ಅದ ಅಂತ ಹೇಳಿದ್ನೆಲ್ಲ..." ಎಂದು ಅದನ್ನೇ ಮತ್ತೆ ಮತ್ತೆ ಅನ್ನುತ್ತಿದ್ದ. ಅವ್ವನಿಗೆ ಅಲ್ಲಿಯವರೆಗೆ ತಡೆದ ಅಳು ಸಿಟ್ಟಾಗಿ ಒಡೆಯಿತು. "ಅಪ್ಪಾ, ನೆಟ್ಟಗ ಒಂದು ಅಕ್ಷರ ಅನ್ನಾಕ ಬರಂಗಿಲ್ಲೇನು ನಿನಗ?" ಎಂದುಬಿಟ್ಟಳು. ಅಜ್ಜ ತಲೆ ತಗ್ಗಿಸಿದ. ಅವನು ನೆಟ್ಟಗೇ ಅಂದಿದ್ದ. ಅವನ ಜನ್ಮದಲ್ಲಿ ಅಷ್ಟು ನೆಟ್ಟಗಿನ ಮಾತು ಇನ್ನೊಂದಿರಲಿಕ್ಕಿಲ್ಲ, ಕೆಡಿಸಿದವಳು ನಾನು. ಅದನ್ನು ಆಗಲೇ ಹೇಳಬೇಕಿತ್ತು. ಗೋಡೆಗೆ ಒರಗಿ, ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಇಂದಿಗೂ ನಾಚಿಕೆಯಾಗುತ್ತದೆ.

ಅಂಗಡಿಯ ಮೇಸ್ತ್ರಿಯನ್ನು ಕರೆಸಿ ಬಾರ ತೆಗೆಸಿದರು. ಅಜ್ಜ ಬಂದೂಕನ್ನೂ ಲೈಸೆನ್ಸನ್ನೂ ಠಾಣೆಗೆ ಒಪ್ಪಿಸಿದ; ಹಂದಿಗಳನ್ನು ಓಡಿಸಲು ಡಬ್ಬಿ ಬಡಿಯತೊಡಗಿದ. ಅಪ್ಪ ಲೋಟಗಳನ್ನು ತೊಳೆದಿಟ್ಟ. ಶನಿವಾರಗಳು ಮತ್ತೆ ಬಂದವು, ಅಕ್ಕಿಯೂ ಚಿಕ್ಕಿಯೂ ಬಂದವು. ಆದರೆ ಅಜ್ಜ ಮಾತಾಡುವ ಮುನ್ನ ನಿಲ್ಲತೊಡಗಿದ. ಒಮ್ಮೆ ನೋಡಿದೆ: ಕಟ್ಟೆಯ ಮೇಲೆ ಒಬ್ಬನೇ ಕೂತು, ಎಂದೋ ನಾನೇ ಕಲಿಸಿದ ಹಾಗೆ, ತುಟಿಯ ಮುಂದೆ ಅಂಗೈ ಹಿಡಿದು 'ಭಾ, ಭಾ' ಅನ್ನುತ್ತಿದ್ದ. ಕಲಿತೂ ಬಿಟ್ಟ. ಎಲ್ಲಿ ಬೇಕು ಎಲ್ಲಿ ಬೇಡ ಎಂದು ತಿಳಿಯದೆ, ಎದುರಿಗೆ ಸಿಕ್ಕ ಅಕ್ಷರಕ್ಕೆಲ್ಲ ಉಸಿರು ತುಂಬಿದ. ಬಾಳೆಹಣ್ಣು ಭಾಳೆಹಣ್ಣಾಯಿತು, ಬಾಗಿಲು ಭಾಗಿಲಾಯಿತು. ನಾನು ಭಂಗಾರವಾದೆ. ಆ ಮನೆಯಲ್ಲಿ ಯಾರೂ ಅದಕ್ಕೆ ನಗಲಿಲ್ಲ. ನಾನೂ ಅಣಕಿಸುವುದನ್ನು ಬಿಟ್ಟಿದ್ದೆ.

ಆ ಕ್ವಾರ್ಟರ್ಸಿನಲ್ಲಿ ಈಗ ಬೇರೆಯವರಿದ್ದಾರೆ. ಅಪ್ಪನಿಲ್ಲ. ಅಜ್ಜನ ಗದ್ದೆಯ ಮೇಲೆ ರಸ್ತೆ ಹಾದುಹೋಗಿದೆ. ನನ್ನ ಮೇಜಿನ ಮೇಲೆ ಕಾಫಿಬೀಜದ ಬಣ್ಣದ ಆ ಪಟ್ಟಿ ಉಳಿದಿದೆ, ಇಂದಿಗೂ ಕೆಂಪಾಗಿಲ್ಲ. ಅಜ್ಜ ಹೋಗುವುದಕ್ಕೆ ಕೆಲವು ವಾರ ಮೊದಲು, ನಾನು ಸಂಭಾಜಿನಗರದ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ, ಫೋನು ಮಾಡಿದ್ದ. "ಭಂಗಾರಾ, ಉಂಡ್ಯಾ?" ಪಕ್ಕದಲ್ಲಿದ್ದ ಗೆಳತಿ ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕಳು. ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ, ತೂಕಕ್ಕೆ ಹಾಕುವ ಹಳೆಯ ಕಬ್ಬಿಣ. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನುಂಗಿಕೊಂಡದ್ದು ಬಾಯಿಗೆ ಬಂತು. "ಅಜ್ಜಾ, ಅವತ್ತ ನೀ ನೆಟ್ಟಗ ಅಂದಿದ್ದಿ. ನಾನ ತಪ್ಪು ಹೇಳಿದೆ. ಇನ್ನ ಮ್ಯಾಲೆ ನನಗ ಮದಲಿನಂಗ ಕರಿ" ಎಂದೆ.

"ಮದಲ ನಾ ಹೆಂಗ ಕರೀತಿದ್ನವ್ವಾ?" ಎಂದ ಅಜ್ಜ.

ನಾನು ಹೇಳಿಕೊಟ್ಟೆ. ಅಂಗೈಯನ್ನು ತುಟಿಯ ಮುಂದೆ ಹಿಡಿದುಕೊಳ್ಳಲು ಹೇಳಿದೆ, ಈ ಸಲ ಗಾಳಿ ತಾಕಬಾರದೆಂದೆ. ಅವನು ಒಂದು ಸಲ ಅಂದ, ಸರಿಬರಲಿಲ್ಲ. ಇನ್ನೊಂದು ಸಲ ಅಂದ. ಆಮೇಲೆ, ಬಹಳ ಮೆಲ್ಲಗೆ, "ಬಂಗಾರಾ" ಎಂದ.

"ತಾಕಲಿಲ್ಲ ನೋಡವ್ವಾ," ಎಂದ.