ಚಾಕಿ ಕೋಣೆಯಲ್ಲಿ ಮಗಳು

ಮದುವೆಯಾಗಿ ಶಿಡ್ಲಘಟ್ಟದ ಪಕ್ಕದ ಈ ಹಳ್ಳಿಗೆ ಬಂದ ಮೊದಲ ವಾರವೇ ನಾನು ಗಂಡನಿಂದ ಬೈಸಿಕೊಂಡಿದ್ದೆ. ಮುಖಕ್ಕೆ ಘಮಘಮ ಪೌಡರು ಬಳಿದುಕೊಂಡು, ಚಪ್ಪಲಿ ಮೆಟ್ಟಿಕೊಂಡೇ ರೇಷ್ಮೆ ಹುಳು ಸಾಕುವ ಮನೆಯೊಳಗೆ ಕಾಲಿಟ್ಟಿದ್ದೆ. ನಾನು ಗೌರಿಬಿದನೂರಿನ ಮೇಷ್ಟರ ಮಗಳು, ಹುಳುವಿಗೆ ಪೌಡರಿನ ವಾಸನೆ ಆಗಿಬರುವುದಿಲ್ಲವೆಂದು ನನಗೆ ಹೇಗೆ ಗೊತ್ತಾಗಬೇಕು? ನಿಮ್ಮ ಹುಳುಗಳಿಗಿಂತ ಗಂಡಿನ ಕಡೆ ಬೀಗರೇ ವಾಸಿ ಎಂದು ಅವರನ್ನು ವರ್ಷಗಟ್ಟಲೆ ಗೇಲಿ ಮಾಡಿದೆ.

ಮಗಳಿಗೆ ಹತ್ತು ತಿಂಗಳಾಗಿದ್ದಾಗ ಆ ಗೇಲಿ ನಿಂತಿತು. ಅವಳ ಸ್ನಾನಕ್ಕೆಂದು ಕುದಿಯುವ ನೀರನ್ನು ಬಕೆಟ್ಟಿಗೆ ಬಗ್ಗಿಸಿ, ತಣ್ಣೀರು ಬೆರೆಸುವ ಮೊದಲು ಟವೆಲ್ ತರಲು ತಿರುಗಿದೆ. ಅಷ್ಟರಲ್ಲಿ ಅಂಬೆಗಾಲಿಟ್ಟು ಬಂದು, ಬಕೆಟ್ಟಿನ ಅಂಚು ಹಿಡಿದು ಎದ್ದು ನಿಂತು, ಬಲಗೈಯನ್ನು ಒಳಗೆ ಅದ್ದಿಬಿಟ್ಟಿದ್ದಳು. ತಪ್ಪು ನನ್ನದೇ. ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದೆವು. ತೊಡೆಯ ಚರ್ಮ ತೆಗೆದು ಅಂಗೈಗೆ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, "ಗಾಯ ಮಾಯುತ್ತೆ. ಬೆರಳು ಪೂರ್ತಿ ಬಿಚ್ಚಬಹುದು, ಒಳಕ್ಕೆ ಮುದುಡಿಕೊಳ್ಳಲೂಬಹುದು. ನಂಜಾಗದ ಹಾಗೆ ನೋಡ್ಕೊಳ್ಳಿ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಮುದುಡಿಕೊಳ್ಳುವುದು ನನ್ನ ಕಿವಿಗೆ ಬಿತ್ತು, ಬಿಚ್ಚುವುದು ಗಂಡನ ಕಿವಿಗೆ ಬಿತ್ತು. ನಂಜು ಎಂದದ್ದು ಮಾತ್ರ ಇಬ್ಬರಿಗೂ ಕೇಳಿಸಿತ್ತು.

ಮನೆಗೆ ಬಂದರೆ ಚಾಕಿ ಕೋಣೆ ಸುಣ್ಣ ಬಳಿದುಕೊಂಡು ಕಾಯುತ್ತಿತ್ತು. ಆಗ ತಾನೇ ಮೊಟ್ಟೆಯೊಡೆದ ಮರಿಹುಳುಗಳನ್ನು ಇಡುವ ಕೋಣೆ ಅದು. ಕಿಟಕಿಗೆ ಸೊಳ್ಳೆಪರದೆ, ಗೋಡೆಗೆ ಥರ್ಮಾಮೀಟರು. ನಮ್ಮ ಮನೆಯಲ್ಲಿ ಅದಕ್ಕಿಂತ ಚೊಕ್ಕಟವಾದ ಜಾಗ ದೇವರಿಗೂ ಇಲ್ಲ. ಆ ಸಲದ ಬೆಳೆಯನ್ನೇ ಕೈಬಿಟ್ಟು ಗಂಡ ಮಗಳನ್ನು ಅಲ್ಲಿ ಮಲಗಿಸಿದರು. ಇರುವೆ ಹತ್ತದಂತೆ ಹುಳುವಿನ ತಟ್ಟೆಗಳ ಸ್ಟ್ಯಾಂಡಿಗೆ ಇಡುವ ನೀರಿನ ಬಟ್ಟಲುಗಳನ್ನು ತೊಟ್ಟಿಲಿನ ನಾಲ್ಕು ಕಾಲಿಗೂ ಇಟ್ಟರು. ಹೊಸಿಲಿಗೆ ಸುಣ್ಣದ ಪುಡಿ ಹಾಕಿದರು. ಕೈಕಾಲು ತೊಳೆಯದವರಿಗೆ, ಸೆಂಟು ಹಾಕಿದವರಿಗೆ, ಹೊಗೆಸೊಪ್ಪು ಅಗಿಯುವವರಿಗೆ ಪ್ರವೇಶವಿಲ್ಲ. ಮಗುವಿಗೆ ಹೊಗೆಸೊಪ್ಪಿನಿಂದ ಏನಾಗುತ್ತದೆ ಎಂದು ಕೇಳಿದೆ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೊದಲು ಸಿಕ್ಕಿಬಿದ್ದವರು ಚಿಂತಾಮಣಿಯಿಂದ ಬಂದ ಅವರ ಸೋದರತ್ತೆ. ಬಾಯಲ್ಲಿ ಹೊಗೆಸೊಪ್ಪು, ಕೈಯಲ್ಲಿ ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ. ಹೊಸಿಲಲ್ಲೇ ತಡೆದದ್ದಕ್ಕೆ ಮುಖ ಊದಿಸಿಕೊಂಡರು.

"ಏನಪ್ಪಾ, ನಾನೇನು ಊಜಿ ನೊಣಾನಾ?"

ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಬೆಳೆಯನ್ನೇ ಹಾಳು ಮಾಡುತ್ತದೆ.

"ಅದಕ್ಕಿಂತ ಒಂಚೂರು ದೊಡ್ಡೋರು ಅತ್ತೆ. ಕಿಟಕೀಲಿ ನೋಡ್ಕೊಂಡು ಹೋಗಿ" ಎಂದರು ಗಂಡ.

ಅತ್ತೆ ಕಿಟಕಿಯಿಂದ ಬಹಳ ಹೊತ್ತು ನೋಡಿದರು. "ಹೆಣ್ಣುಕೂಸು, ಅದ್ರಾಗೂ ಬಲಗೈ. ನಾಳೆ ಸೌಟು ಹಿಡಿಯೋದೆಂಗೆ" ಎಂದು ನಿಟ್ಟುಸಿರುಬಿಟ್ಟು ಹೋದರು. ಆ ಮಾತು ನನ್ನನ್ನು ಎಷ್ಟೋ ದಿನ ಸುಟ್ಟಿತು.

ನಂಜಾಗಲಿಲ್ಲ. ಆದರೆ ಪಟ್ಟಿ ಬಿಚ್ಚಿದಾಗ ಬೆರಳುಗಳು ಅರ್ಧ ಮುಷ್ಟಿಯಲ್ಲೇ ನಿಂತಿದ್ದವು. ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ಬಿಡಿಸಬೇಕು, ದಿನಕ್ಕೆ ನಾಲ್ಕು ಸಲ. ಅದನ್ನು ಗಂಡನೇ ಮಾಡುತ್ತಿದ್ದರು. ಕೂದಲೆಳೆಯಂಥ ಮರಿಹುಳುಗಳನ್ನು ಕೋಳಿಗರಿಯಿಂದ ಸರಿಸಿ ಪಳಗಿದ ಕೈ ಅದು, ಮಗಳು ಅಳುತ್ತಿರಲಿಲ್ಲ. ನನಗೆ ತಾಳ್ಮೆಯಿರಲಿಲ್ಲ. ಬೀಗದ ಕೈಗೊಂಚಲು, ಚಮಚ, ಮೊಬೈಲು ಎಲ್ಲವನ್ನೂ ಅವಳ ಬಲಗಡೆಗೇ ಒಡ್ಡುತ್ತಿದ್ದೆ. ಅವಳು ನಗುತ್ತಾ ಎಡಗೈಯಲ್ಲಿ ಕಿತ್ತುಕೊಳ್ಳುತ್ತಿದ್ದಳು.

"ಪೊರೆ ಬಿಡೋಕೆ ಕೂತಿರೋ ಹುಳಾನ ಕೆದಕಬಾರ್ದು ಕಣೇ. ಹೊತ್ತು ಬಂದಾಗ ಅದೇ ಏಳುತ್ತೆ" ಎಂದರು ಗಂಡ.

"ನನ್ ಮಗಳೇನು ಹುಳಾನಾ?"

"ಹುಳುಗಿಂತ ಗಟ್ಟಿ."

ಇವರಿಗೆ ಚಿಂತೆಯೇ ಇಲ್ಲವಲ್ಲ ಎಂದು ನನಗೆ ಕೆಟ್ಟ ಕೋಪ. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹಿಪ್ಪುನೇರಳೆ ತೋಟಕ್ಕೆ ಹೋದೆ. ಅವರು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯೊಂದರಲ್ಲೇ ಮಾರುವ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕಂಡು ನಾಚಿಕೊಂಡರು.

"ಒಂದೇ ಕೈಲೂ ಆಗುತ್ತೆ ಕಣೇ. ಮೊದಮೊದಲು ಕಷ್ಟ, ಆಮೇಲೆ ಆಗುತ್ತೆ" ಎಂದರು.

ನನ್ನಷ್ಟೇ ಅವರೂ ಹೆದರಿದ್ದರು. ಅದು ಗೊತ್ತಾಗಿ ನನಗೆ ಅಳುವಿನ ಜೊತೆ ಎಂಥದೋ ಸಮಾಧಾನವೂ ಬಂತು. ನಾನೂ ಎಡಗೈಯಲ್ಲಿ ನಾಲ್ಕು ಎಲೆ ಬಿಡಿಸಿದೆ. ಎರಡು ಹರಿದವು. ಆಮೇಲೆ ಇಬ್ಬರೂ ನಕ್ಕು ಊಟಕ್ಕೆ ಬಂದೆವು.

ಇನ್ನೂ ಒಂದೂವರೆ ತಿಂಗಳಾದ ಮೇಲೆ ಅತ್ತೆ ಮತ್ತೆ ಬಂದರು. ಈ ಸಲ ಯಾರೂ ಹೇಳದೆಯೇ ಹೊಗೆಸೊಪ್ಪು ಉಗಿದು, ಬಾಯಿ ಮುಕ್ಕಳಿಸಿ, ಮಂಡಿಯವರೆಗೂ ಕಾಲು ತೊಳೆದು ಹೊಸಿಲ ಮುಂದೆ ನಿಂತರು. ಗಂಡ ಅವರನ್ನು ಮೇಲಿಂದ ಕೆಳಗೆ ಪರೀಕ್ಷೆ ಮಾಡಿ ಒಳಗೆ ಬಿಟ್ಟರು. ಅತ್ತೆ ತೊಟ್ಟಿಲ ಮೇಲೆ ಬಗ್ಗಿ, "ಏನೇ ನನ್ನ ಬಂಗಾರು" ಎಂದು ಮುತ್ತಿಡಲು ಹೋದರು. ಕೆನ್ನೆಯ ಪಕ್ಕಕ್ಕೆ ನರೆಗೂದಲಿನ ಒಂದು ಎಳೆ ಜಾರಿತು. ಮಗಳು ಅದನ್ನೇ ನೋಡಿದಳು. ಅವಳ ಎಡಗೈ ಕಂಬಳಿಯೊಳಗೆ ಸಿಕ್ಕಿಕೊಂಡಿತ್ತು. ಬಲಗೈ ಮೇಲೆದ್ದಿತು, ಬೆರಳುಗಳು ಬಿಚ್ಚಿದವು, ಕೂದಲನ್ನು ಹಿಡಿದು ಎಳೆದವು.

"ಅಯ್ಯೋ, ಬಿಡಿಸ್ರಪ್ಪಾ" ಎಂದರು ಅತ್ತೆ.

ಗಂಡ ತೊಟ್ಟಿಲ ಬಳಿ ಕೂತುಬಿಟ್ಟಿದ್ದರು. "ಅಲ್ಲಾಡಬೇಡಿ ಅತ್ತೆ, ಹಂಗೇ ಇರಿ" ಎಂದರು. ನಾನು ಬಗ್ಗಿ ನೋಡಿದೆ. ನಾಲ್ಕು ಬೆರಳು, ಒಂದು ಹೆಬ್ಬೆರಳು, ಐದೂ ಬಿಗಿಯಾಗಿ ಹಿಡಿದಿದ್ದವು.

"ನೋಯ್ತೈತಮ್ಮಾ" ಎಂದು ಅತ್ತೆ ಬಗ್ಗಿದಲ್ಲಿಂದಲೇ ನನ್ನ ಕಡೆ ಕಣ್ಣು ತಿರುಗಿಸಿದರು. ಆ ಕಣ್ಣಲ್ಲೂ ನೀರಿತ್ತು, ನಗುವೂ ಇತ್ತು.

"ಇನ್ನೊಂದು ಸ್ವಲ್ಪ ಹೊತ್ತು ಎಳೀಲಿ ಅತ್ತೆ" ಎಂದೆ.