ಕಾಣೆಯಾದ ಮೂರು ಲಾಗ್‌ಗಳು

ರಕ್ತನಿಧಿಯ ಕಂಪ್ಯೂಟರ್ ಕೋಣೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ ಆಕೆಗೆ ಜೊತೆಯವರು ಇಟ್ಟ ಹೆಸರು ಅನುಮಾನದಕ್ಕ. ಬ್ಯಾಕಪ್ ಮುಗಿಯಿತೆಂದು ಪರದೆ ಹೇಳಿದರೆ ನಂಬುವ ಜಾಯಮಾನವೇ ಅಲ್ಲ. ಪ್ರತಿ ಗುರುವಾರ ಮೂಲೆಯ ಹಳೆಯ ಯಂತ್ರದಲ್ಲಿ ಇಡೀ ಡೇಟಾಬೇಸನ್ನು ಬ್ಯಾಕಪ್ಪಿನಿಂದ ಮತ್ತೆ ಕಟ್ಟಿ, ಹತ್ತು ದಾನಿಗಳ ರಕ್ತದ ಗುಂಪನ್ನು ತಾಳೆ ನೋಡಿದ ಮೇಲೆಯೇ ಊಟದ ಡಬ್ಬಿ ತೆಗೆಯುತ್ತಿದ್ದಳು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ನಿಜ. ಆದ್ರೆ ಕಟ್ಟಿಕೊಂಡ ಗಂಡನ ಮೇಲೂನಾ?" ಎಂದು ಗಂಡ ನಗುತ್ತಿದ್ದ.

ಒಂದು ಗುರುವಾರ ಕಟ್ಟುವ ಕೆಲಸ ಅರ್ಧಕ್ಕೇ ನಿಂತಿತು. ಪೂರ್ತಿ ಬ್ಯಾಕಪ್ ಆಗುವುದು ಭಾನುವಾರ. ಆಮೇಲೆ ಆದ ಒಂದೊಂದು ಬದಲಾವಣೆಯೂ ಕ್ರಮಸಂಖ್ಯೆಯ ಲಾಗ್ ಕಡತಗಳಲ್ಲಿ ಇರುತ್ತದೆ. ಅವನ್ನು ಸಾಲಾಗಿ ಸೇರಿಸುತ್ತ ಬಂದರೆ ಇವತ್ತಿನ ಸ್ಥಿತಿ ಸಿಗುತ್ತದೆ. ಆದರೆ ೬೨೧೩ರ ನಂತರ ಇದ್ದದ್ದು ೬೨೧೭. ನಡುವಿನ ಮೂರು ಮಾಯ. ಸರಪಳಿ ತುಂಡಾದ ಮೇಲೆ ಮುಂದಿನವು ಇದ್ದೂ ಇಲ್ಲದಂತೆ.

ಮೂರೂ ಮಂಗಳವಾರದವು. ಅದೇ ಮಂಗಳವಾರ ಒಬ್ಬ ದಾನಿಯ ರಕ್ತದ ಗುಂಪನ್ನು ಯಾರೋ ತಿದ್ದಿದ್ದಾರೆಂದು ಗುಸುಗುಸು ಹಬ್ಬಿತ್ತು. ಲಾಗ್ ಅಳಿಸುವ ಅಧಿಕಾರ ಇದ್ದದ್ದು ಇಬ್ಬರಿಗೆ: ಆಕೆಗೆ, ಮತ್ತು ಡಿಸ್ಕ್‌ಗಳ ಉಸ್ತುವಾರಿ ನೋಡುವ ಭಾವನಿಗೆ. ಆಕೆಯ ಸ್ವಂತ ಅಕ್ಕನ ಗಂಡ.

"ಭಾವ, ಮಂಗಳವಾರದ ಲಾಗ್ ಎಲ್ಲಿ?"

"ಇರುತ್ತೆ, ಸರಿಯಾಗಿ ನೋಡು."

"ಮೂರು ಸಲ ನೋಡಿದೆ."

"ನಿನ್ನ ಕಣ್ಣಿಗೆ ಎಲ್ಲರೂ ಕಳ್ಳರೇ!"

ಕಳ್ಳ ಎಂಬ ಮಾತನ್ನು ಆಕೆ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎನಿಸಿತು. ಮೊದಲು ಕುಳಿತಲ್ಲೇ ಹೊಸದಾಗಿ ಪೂರ್ತಿ ಬ್ಯಾಕಪ್ ತೆಗೆದಳು. ಈಗ ಯಂತ್ರ ಕೆಟ್ಟರೆ ಭಾನುವಾರದ ಪ್ರತಿಯಿಂದ ಮಂಗಳವಾರ ದಾಟುವ ಹಾಗಿರಲಿಲ್ಲ. ಅದು ಮುಗಿಯುವವರೆಗೂ ಭಾವ ಎರಡು ಸಲ ಬಾಗಿಲಿಗೆ ಬಂದು ಇಣುಕಿ ಹೋದ. ಆಕೆ ಎಲ್ಲವನ್ನೂ ಮೇಲಧಿಕಾರಿಗೆ ಬರೆದು ಕೊಟ್ಟಳು. ತಿದ್ದುಪಡಿಯ ಗುಸುಗುಸುವನ್ನೂ ಸೇರಿಸಿದಳು.

ಸಂಜೆ ಅಕ್ಕನ ಫೋನ್. "ಮನೆಯವರ ಮೇಲೇ ಬರೆದು ಕೊಟ್ಟೆಯಂತೆ? ನಿನ್ನನ್ನ ಆ ಕೆಲಸಕ್ಕೆ ಸೇರಿಸಿದ್ದು ಯಾರೇ?" ಅಷ್ಟು ಹೇಳಿ ಅಕ್ಕ ಫೋನ್ ಇಟ್ಟುಬಿಟ್ಟಳು.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಮಂಗಳವಾರ ಆಕೆ ಮನೆಗೆ ಹೋದ ಮೇಲೆ ಡಿಸ್ಕ್ ತುಂಬಿ, ಹೊಸ ಲಾಗ್‌ಗೆ ಜಾಗವಿಲ್ಲದೆ ಡೇಟಾಬೇಸ್ ನಿಂತಿತ್ತು. ರಕ್ತ ಕೊಡುವ ಕಿಟಕಿಯೆದುರು ಶಸ್ತ್ರಚಿಕಿತ್ಸೆಯ ರೋಗಿಗಳ ಕಡೆಯವರು ಕಾಯುತ್ತಿದ್ದರು. ಬ್ಯಾಕಪ್ ಇಡುವ ಟೇಪಿಗೆ ನಕಲಾಗಿವೆ ಎಂದುಕೊಂಡು ಭಾವ ಮೂರು ಕಡತ ಅಳಿಸಿದ್ದ. ನಕಲಾಗಿರಲಿಲ್ಲ. ಅದು ಮರುದಿನ ಗೊತ್ತಾದರೂ ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ. ರಕ್ತದ ಗುಂಪು ತಿದ್ದಿದ್ದು ಪ್ರಯೋಗಾಲಯದವರು, ಮರುಪರೀಕ್ಷೆ ಮಾಡಿ, ಸಹಿ ಹಾಕಿ. ಭಾವನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ಮುಚ್ಚಿಟ್ಟದ್ದು ನನ್ನ ತಪ್ಪು," ಎಂದ ಭಾವ. "ಆದ್ರೆ ಆ ಗುಸುಗುಸು ಯಾಕೆ ಸೇರಿಸಿದೆ?"

"ಅದು ನನ್ನ ತಪ್ಪು, ಭಾವ."

ಎರಡು ಕಡೆ ನಕಲಾಗಿದೆಯೆಂದು ಇಬ್ಬರೂ ನೋಡಿದ ಹೊರತು ಯಾವ ಲಾಗನ್ನೂ ಅಳಿಸಬಾರದೆಂದು ನಿಯಮವಾಯಿತು. ಅಂದಿನಿಂದ ಭಾವ ದಿನಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಸಂಖ್ಯೆಗಳನ್ನು ಓದುತ್ತಾನೆ, ಆಕೆ ಗುರುತು ಹಾಕುತ್ತಾಳೆ. ಅವನು ಓದಿದ್ದನ್ನು ಅವನು ಎದ್ದು ಹೋದ ಮೇಲೆ ಇನ್ನೊಂದು ಸಲ ನೋಡುತ್ತಾಳೆ. ಅಕ್ಕ ಇನ್ನೂ ಫೋನ್ ಎತ್ತುತ್ತಿಲ್ಲ.