ನೀಲಿ ಚಾಕಿನ ಗೆರೆ

ಹೋದ ವಾರ ಮೇಜಿನ ಖಾನೆ ಚೊಕ್ಕಟ ಮಾಡುವಾಗ ಹಳೆಯ ರಬ್ಬರುಗಳ ನಡುವೆ ಟೇಲರುಗಳು ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸೊಂದು ಸಿಕ್ಕಿತು. ನಾನೇ ಕಸಿದುಕೊಂಡದ್ದು. ಹಿಂದಿರುಗಿಸಲು ಮರೆತಿದ್ದೆ...

ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ, ಶಿರಸಿ ಪೇಟೆಯ ಒಂದು ಮಹಡಿ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ದೊಡ್ಡವರಿಗೆಂದು ಚಿತ್ರದ ಕ್ಲಾಸು ನಡೆಸುತ್ತಿದ್ದೆ. ಬರುತ್ತಿದ್ದವರು ಆರೇ ಜನ. ಆರೂ ಜನ ಬಾಯಿಗೆ ಬೀಗ ಹಾಕಿಕೊಂಡವರು. ನಾನು ಹಾವೇರಿ ಕಡೆಯವಳು, ಮಾತಿಲ್ಲದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಮೌನ ಬಂಗಾರ ಎನ್ನುತ್ತಾರೆ. ಹಾಗಾದರೆ ನನ್ನ ಕ್ಲಾಸು ಬಂಗಾರದ ಗಣಿಯೇ ಆಗಿತ್ತು. ತಿಳಿಯಿತೇ ಎಂದು ಕೇಳಿದರೆ ಒಂದೇ ಉತ್ತರ, "ಅಡ್ಡಿಲ್ಲೆ." ಚಿತ್ರ ಚೆನ್ನಾಗಿದೆಯೇ? ಅಡ್ಡಿಲ್ಲೆ. ಬೇಜಾರಾಯಿತೇ? ಅದಕ್ಕೂ ಅಡ್ಡಿಲ್ಲೆ! ಒಪ್ಪಿಗೆಯೋ, ಸಹನೆಯೋ, ಸಾಕು ಬಿಡಿ ಎಂಬುದೋ, ದೇವರಿಗೇ ಗೊತ್ತು.

"ಹುಂ ಅನ್ರಿ, ಊಹುಂ ಅನ್ರಿ, ಬಾಯಿ ಬಿಟ್ಟು ಏನರೆ ಅನ್ರಿ!" ಎಂದು ಒಂದು ದಿನ ರೇಗಿಯೇ ಬಿಟ್ಟೆ. ಯಲ್ಲಾಪುರದಿಂದ ಬಸ್ಸಿಗೆ ಬರುತ್ತಿದ್ದ ಲಾರಿ ಡ್ರೈವರ್ ಸಾಹೇಬರು ಪೆನ್ಸಿಲ್ ಕೆತ್ತತೊಡಗಿದರು. ಉಳಿದವರು ತಲೆ ತಗ್ಗಿಸಿದರು.

ಇವರೆಲ್ಲರಿಗಿಂತ ನನ್ನ ತಾಳ್ಮೆ ಕೆಡಿಸಿದವರು ಟೇಲರ್ ಅಕ್ಕ. ಪೇಟೆಯಲ್ಲಿ ಅವರ ಕೈಯ ರವಿಕೆಗೆ ಹೆಸರಿತ್ತು; ನನಗೂ ಹಿಂದೊಮ್ಮೆ ಒಂದು ಹೊಲಿದುಕೊಟ್ಟಿದ್ದರು. ನಾನು ತಂಬಿಗೆ, ಬಾಳೆಹಣ್ಣು ಇಟ್ಟು ಬರೆಯಲು ಹೇಳಿದರೆ, ಅವರ ತಂಬಿಗೆ ಅರ್ಧಕ್ಕೇ ನಿಲ್ಲುತ್ತಿತ್ತು, ಗೆರೆಯ ಮೇಲೆ ಗೆರೆ ಬೀಳುತ್ತಿತ್ತು. ಹಾಳೆಯ ಅಂಚಿನಲ್ಲಿ ಮಾತ್ರ ನೀಲಿ ಚಾಕಿನಲ್ಲಿ ದಪ್ಪ ದಪ್ಪ ಸೊಟ್ಟ ಬಳ್ಳಿಗಳು. ವಾರವಾರವೂ ನಾನೇ ರಬ್ಬರು ಹಿಡಿದು ಅದನ್ನೆಲ್ಲ ಉಜ್ಜಿ ತೆಗೆಯುತ್ತಿದ್ದೆ. ಕೊನೆಗೆ ಚಾಕನ್ನೇ ಕಸಿದುಕೊಂಡೆ. "ಇದು ಹೊಲಿಗಿ ಅಂಗಡಿ ಅಲ್ರಿ ಅಕ್ಕಾ, ಪೆನ್ಸಿಲ್ ಹಿಡೀರಿ."

"ಅಡ್ಡಿಲ್ಲೆ," ಎಂದರು. ಮುಂದಿನ ವಾರದಿಂದ ಬರಲಿಲ್ಲ.

ತಿಂಗಳು ಕಳೆದ ಮೇಲೆ ಅವರ ಅಂಗಡಿಗೆ ಹೋದೆ. ಮಷೀನಿನ ಮುಂದೆ ಅವರ ತಂಗಿಯ ಮಗಳು ಕೂತಿದ್ದಳು. "ಎರಡು ವರ್ಷಾತು, ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು. ದೊಡ್ಡಮ್ಮ ನಿಮ್ಗೆ ಹೇಳಿದ್ದಿಲ್ಯಾ?" ಎಂದಳು. ದೊಡ್ಡಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದರು.

"ಪೆನ್ಸಿಲ್ ಗೆರೆ ಕಾಣ್ತಿತ್ತಿಲ್ಲೆ ಟೀಚರ್," ಎಂದರು ಮೆಲ್ಲಗೆ. "ಚಾಕ್ ಸ್ವಲ್ಪ ಕಾಣ್ತಿತ್ತು, ಈಗ ಅದೂ ಇಲ್ಲೆ. ರವಿಕೆ ಕುತ್ತಿಗೆ ಎಷ್ಟೋ ನಮೂನೆ ತಲೇಲಿತ್ತು. ಕಣ್ಣು ಹೋಗೂದರೊಳಗೆ ಬರ್ದು ಇವಳಿಗೆ ಕೊಡನ ಹೇಳಿ ಅಂದ್ಕಂಡಿದ್ದೆ..."

ನಾನು ಉಜ್ಜಿದ ಬಳ್ಳಿಗಳು ಆಗ ನನಗೆ ಅರ್ಥವಾದವು. ಈಗಲಾದರೂ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದು ಅಂಗಲಾಚಿದೆ. ಅವರು ಗಾಳಿಯಲ್ಲಿ ಬೆರಳಾಡಿಸಿ ನೋಡಿದರು. ಅರ್ಧಕ್ಕೇ ಕೈ ಇಳಿಸಿದರು. ಬಾಯಲ್ಲಿ ಹೇಳಲು ಬರುವಂಥದ್ದಲ್ಲ ಅದು. ತಪ್ಪಾಯಿತು ಅಕ್ಕಾ ಎಂದೆ.

"ಅಡ್ಡಿಲ್ಲೆ," ಎಂದರು. ಅದು ಕ್ಷಮೆಯೋ ಅಲ್ಲವೋ, ಇವತ್ತಿಗೂ ತಿಳಿದಿಲ್ಲ. ನನ್ನ ಮೇಲೆ ನನಗೇ ಬರುವ ಸಿಟ್ಟು ಇಳಿದಿಲ್ಲ. ಅವರ ಮೇಲೂ ಒಂದಿಷ್ಟಿದೆ. ಒಂದು ಮಾತು ಹೇಳಬಾರದಿತ್ತೇ?

ಅವರು ತೀರಿಕೊಂಡು ವರ್ಷವಾಯಿತು. ಚಾಕ್ ಸಿಕ್ಕಿದ ದಿನ ನನ್ನ ಪೆಟ್ಟಿಗೆಯಿಂದ ಅವರು ಹೊಲಿದ ರವಿಕೆ ತೆಗೆದು, ಹಾಳೆಯ ಮೇಲೆ ಹರಡಿ, ಅದೇ ಚಾಕಿನಿಂದ ಅದರ ಕುತ್ತಿಗೆಯ ಬಳ್ಳಿ ನಮೂನೆಯನ್ನು ನಕಲಿಳಿಸಿದೆ. ರವಿಕೆಯನ್ನೂ ಜೊತೆಗೆ ಹಿಡಿದು ಅಂಗಡಿಗೆ ಹೋಗಿ, ಹಾಳೆಯನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು.

"ದೊಡ್ಡಮ್ಮ ನಿಮ್ಮ ಕ್ಲಾಸಲ್ಲಿ ಬರ್ದದ್ದಾ? ಉಳಿದದ್ದು ಎಲ್ಲಿದ್ದು ಟೀಚರ್?"

ಬಾಯಿ ಬಿಟ್ಟು ಮಾತಾಡಿ ಎಂದು ಆರು ಜನರನ್ನು ಬೈದವಳು ನಾನು. ರವಿಕೆಯನ್ನು ಮಡಚಿಕೊಳ್ಳುತ್ತ ಸುಮ್ಮನೆ ನಿಂತೆ.